ಎರಡನೆಯ ಕುರ್ಚಿ: ಆಸೆ ಯಾರದು, ಅರ್ಹತೆ ಯಾವುದು?

(ಹೊನ್ನಾಳಿಯಲ್ಲಿ ಜರಗಿದ ಸಾರ್ವಜನಿಕ ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಇಂದು ನನಗೆ ಕೊಟ್ಟಿರುವ ವಿಷಯ ಉಪಮುಖ್ಯಮಂತ್ರಿ ಹುದ್ದೆ. ಇದು ಬೆಂಗಳೂರಿನವರ ವಿಷಯವಲ್ಲವೇ, ಹೊನ್ನಾಳಿಯವರಿಗೇಕೆ ಎಂದು ಯಾರಾದರೂ ಕೇಳಬಹುದು. ಆದರೆ ಬಸ್ ನಿಲ್ದಾಣದ ಪಕ್ಕದ ಚಹಾದಂಗಡಿಯಿಂದ ಹಿಡಿದು ಮಸೀದಿಯ ಅಂಗಳದವರೆಗೆ ಕಳೆದ ಕೆಲವು ವರ್ಷಗಳಲ್ಲಿ ಅತಿ ಹೆಚ್ಚು ನಡೆದ ರಾಜಕೀಯ ಚರ್ಚೆ ಇದುವೇ. ಎರಡನೆಯ ಸ್ಥಾನದಲ್ಲಿರುವವರು ಮೊದಲನೆಯ ಸ್ಥಾನಕ್ಕೆ ಬರುತ್ತಾರೆಯೇ, ಅವರಿಗೆ ಮಾತು ಕೊಡಲಾಗಿತ್ತೇ, ಅವರು ಅದಕ್ಕೆ ಯೋಗ್ಯರೇ ಎಂಬ ಬಗ್ಗೆ ಒಂದೇ ಮನೆಯ ಅಣ್ಣತಮ್ಮಂದಿರು ಮುನಿಸಿಕೊಂಡದ್ದೂ ಇದೆ. ಈ ಚರ್ಚೆಯಲ್ಲಿ ಎರಡು ಪ್ರಶ್ನೆಗಳು ಬೆರೆತು ಹೋಗಿವೆ. ಒಬ್ಬನಿಗೆ ಮೇಲೇರುವ ಆಸೆ ಇದೆಯೇ ಎಂಬುದು ಒಂದು. ಆತನಿಗೆ ಅರ್ಹತೆ ಇದೆಯೇ ಎಂಬುದು ಇನ್ನೊಂದು. ನಮ್ಮ ಪಕ್ಷಗಳು ಎದುರಾಳಿಯ ಆಸೆಯನ್ನು ದುರಾಸೆ ಎನ್ನುತ್ತವೆ, ತಮ್ಮವನ ಆಸೆಯನ್ನು ಹಕ್ಕು ಎನ್ನುತ್ತವೆ. ಅರ್ಹತೆಯ ಮಾತನ್ನು ಮಾತ್ರ ಯಾರೂ ಕೊನೆಯವರೆಗೆ ಆಡುವುದಿಲ್ಲ.

ಮೊದಲು ಒಂದು ಸಂಗತಿಯನ್ನು ಗಮನಿಸಿ. ಭಾರತದ ಸಂವಿಧಾನದಲ್ಲಿ ಉಪಮುಖ್ಯಮಂತ್ರಿ ಎಂಬ ಹುದ್ದೆಯೇ ಇಲ್ಲ. 163 ಮತ್ತು 164ನೆಯ ವಿಧಿಗಳು ಮುಖ್ಯಮಂತ್ರಿಯ ಬಗ್ಗೆ, ಇತರ ಮಂತ್ರಿಗಳ ಬಗ್ಗೆ ಮಾತ್ರ ಹೇಳುತ್ತವೆ. 1989ರ ಡಿಸೆಂಬರ್ 2ರಂದು ದೆಹಲಿಯಲ್ಲಿ ದೇವಿಲಾಲ್‌ರು ಪ್ರಮಾಣ ವಚನ ಸ್ವೀಕರಿಸುವಾಗ ರಾಷ್ಟ್ರಪತಿ ಆರ್. ವೆಂಕಟರಾಮನ್‌ರು 'ಮಂತ್ರಿ' ಎಂದು ಓದಿದರೆ ಇವರು 'ಉಪ ಪ್ರಧಾನಮಂತ್ರಿ' ಎಂದು ಓದಿದರು. ರಾಷ್ಟ್ರಪತಿಗಳು ತಿದ್ದಿದರೂ ಬಿಡಲಿಲ್ಲ. ಪ್ರಕರಣ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ದೇವಿಲಾಲ್‌ರು ಕಾನೂನಿನ ದೃಷ್ಟಿಯಲ್ಲಿ ಇತರರಂತೆ ಒಬ್ಬ ಮಂತ್ರಿಯೇ, 'ಉಪ ಪ್ರಧಾನಿ' ಎಂಬುದು ಬರೇ ವಿಶೇಷಣ ಎಂದು ನ್ಯಾಯಾಲಯ 1990ರಲ್ಲಿ ಹೇಳಿತು. 2024ರ ಫೆಬ್ರವರಿ 12ರಂದು ಉಪಮುಖ್ಯಮಂತ್ರಿಗಳ ನೇಮಕವನ್ನು ಪ್ರಶ್ನಿಸಿದ್ದ ಅರ್ಜಿಯನ್ನು ವಜಾಗೊಳಿಸುತ್ತಾ ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್‌ರ ಪೀಠವೂ ಹೆಚ್ಚುಕಡಿಮೆ ಅದನ್ನೇ ಹೇಳಿತು. ಉಪಮುಖ್ಯಮಂತ್ರಿ ಎಂದರೆ ಮೊದಲಿಗೆ ಮತ್ತು ಮುಖ್ಯವಾಗಿ ಒಬ್ಬ ಮಂತ್ರಿ. ಆ ಹೆಸರಿನಿಂದ ಹೆಚ್ಚಿನ ಸಂಬಳವಿಲ್ಲ, ಹೆಚ್ಚಿನ ಅಧಿಕಾರವಿಲ್ಲ, ಮುಖ್ಯಮಂತ್ರಿ ರಾಜೀನಾಮೆಯಿತ್ತರೆ ತಾನಾಗಿ ಆ ಜಾಗಕ್ಕೆ ಬರುವ ಹಕ್ಕೂ ಇಲ್ಲ.

ಅಮೆರಿಕದ ಉಪಾಧ್ಯಕ್ಷರ ಸ್ಥಿತಿ ಹಾಗಲ್ಲ. ಅಲ್ಲಿ ಅಧ್ಯಕ್ಷ ಅಭ್ಯರ್ಥಿಯ ಜೊತೆಯಲ್ಲೇ ಉಪಾಧ್ಯಕ್ಷ ಅಭ್ಯರ್ಥಿಯ ಹೆಸರೂ ಮತದಾರನ ಮುಂದೆ ಬರುತ್ತದೆ. ಆದರೆ ಮೊದಲು ಅಲ್ಲಿಯೂ ಈ ವ್ಯವಸ್ಥೆ ಇರಲಿಲ್ಲ. 1800ರ ಚುನಾವಣೆಯಲ್ಲಿ ಒಂದೇ ಪಕ್ಷದ ಥಾಮಸ್ ಜೆಫರ್ಸನ್ ಮತ್ತು ಆರನ್ ಬರ್‌ರಿಗೆ ತಲಾ 73 ಮತಗಳು ಬಂದವು. ಬರ್ ಎರಡನೆಯ ಸ್ಥಾನಕ್ಕೆಂದು ನಿಂತಿದ್ದವರು. ಆದರೆ ಮತಗಳು ಸಮವಾದಾಗ ಅವರು ದಾರಿ ಬಿಟ್ಟುಕೊಡಲಿಲ್ಲ. ಜನಪ್ರತಿನಿಧಿ ಸಭೆ 36 ಸುತ್ತು ಮತದಾನ ನಡೆಸಿ 1801ರ ಫೆಬ್ರವರಿಯಲ್ಲಿ ಜೆಫರ್ಸನ್‌ರನ್ನು ಆರಿಸಿತು. ಆ ಗೊಂದಲದಿಂದ ಪಾಠ ಕಲಿತು 1804ರಲ್ಲಿ ಅವರು ಸಂವಿಧಾನಕ್ಕೆ 12ನೆಯ ತಿದ್ದುಪಡಿ ತಂದರು. ಇದುವರೆಗೆ ಅಲ್ಲಿ 9 ಮಂದಿ ಉಪಾಧ್ಯಕ್ಷರು ಅಧ್ಯಕ್ಷರ ಮರಣದಿಂದಲೋ ರಾಜೀನಾಮೆಯಿಂದಲೋ ಮಧ್ಯದಲ್ಲಿ ಅಧಿಕಾರಕ್ಕೆ ಬಂದಿದ್ದಾರೆ. 1945ರ ಏಪ್ರಿಲ್‌ನಲ್ಲಿ ರೂಸ್‌ವೆಲ್ಟ್ ತೀರಿಕೊಂಡಾಗ ಹ್ಯಾರಿ ಟ್ರೂಮನ್‌ರು ಉಪಾಧ್ಯಕ್ಷರಾಗಿ ಕೇವಲ 82 ದಿನಗಳಾಗಿದ್ದವು. ಅಣುಬಾಂಬಿನ ಯೋಜನೆಯ ವಿವರಗಳು ಅವರಿಗೆ ತಿಳಿದದ್ದೇ ಅಧಿಕಾರ ವಹಿಸಿಕೊಂಡ ಮೇಲೆ. ಅದೇ ವರ್ಷದ ಆಗಸ್ಟ್‌ನಲ್ಲಿ ಹಿರೋಷಿಮಾ, ನಾಗಸಾಕಿಗಳು ಬೂದಿಯಾದವು. 2008ರಲ್ಲಿ 72 ವರ್ಷದ ಜಾನ್ ಮೆಕೇನ್‌ರು ಅಲಾಸ್ಕಾದ ಗವರ್ನರ್ ಆಗಿ ಎರಡು ವರ್ಷವೂ ತುಂಬದ ಸಾರಾ ಪಾಲಿನ್‌ರನ್ನು ಜೊತೆಗಾರ್ತಿಯಾಗಿ ಆರಿಸಿದಾಗ ಅಷ್ಟೊಂದು ಚರ್ಚೆಯಾದದ್ದಕ್ಕೆ ಕಾರಣವಿದೆ. ಅಲ್ಲಿ ಎರಡನೆಯವರ ಅರ್ಹತೆ ಎಂಬುದು ನಾಳೆ ಬೆಳಿಗ್ಗೆಯೇ ಎದುರಾಗಬಹುದಾದ ಪ್ರಶ್ನೆ.

ನಮ್ಮಲ್ಲಿ ಏನಾಗಿದೆ? ಮತದಾರನ ಮುಂದೆ ಉಪಮುಖ್ಯಮಂತ್ರಿಯ ಹೆಸರು ಬರುವುದೇ ಇಲ್ಲ. ಮತ ಎಣಿಕೆ ಮುಗಿದು, ಹೋಟೆಲುಗಳಲ್ಲಿ, ದೆಹಲಿಯ ಬಂಗಲೆಗಳಲ್ಲಿ ಮಾತುಕತೆ ನಡೆದು, ಯಾರನ್ನು ಸಮಾಧಾನ ಪಡಿಸಬೇಕಾಗಿದೆಯೋ ಅವರಿಗೆ ಈ ಹೆಸರು ಕೊಡಲಾಗುತ್ತದೆ. ಆದ್ದರಿಂದಲೇ ಇಲ್ಲಿ ಅರ್ಹತೆಯ ಪ್ರಶ್ನೆಗಿಂತ ಆಸೆಯ ಪ್ರಶ್ನೆ ದೊಡ್ಡದಾಗಿದೆ.

ಕರ್ನಾಟಕದ ಚರಿತ್ರೆಯನ್ನು ನೋಡಿ. ವೀರಪ್ಪ ಮೊಯಿಲಿಯವರ ಸರ್ಕಾರದಲ್ಲಿ ಎಸ್.ಎಂ. ಕೃಷ್ಣರು ಮೊದಲ ಉಪಮುಖ್ಯಮಂತ್ರಿಯಾದರು. ಅವರ ನಂತರ ಬಂದವರು ನಮ್ಮ ಪಕ್ಕದ ಚನ್ನಗಿರಿ ತಾಲೂಕಿನ ಕಾರಿಗನೂರಿನ ಜೆ.ಎಚ್. ಪಟೇಲರು. ಇವರ ಬಗ್ಗೆ ಸ್ವಲ್ಪ ನಿಧಾನವಾಗಿ ಮಾತಾಡಬೇಕು, ಏಕೆಂದರೆ ಎರಡನೆಯ ಕುರ್ಚಿಯಲ್ಲಿ ಕುಳಿತುಕೊಳ್ಳುವುದು ಹೇಗೆ ಎಂಬುದಕ್ಕೆ ನಮ್ಮ ಭಾಗದ ಉದಾಹರಣೆ ಅವರೇ.

ಪಟೇಲರು ಸಮಾಜವಾದಿ ಚಳವಳಿಯಿಂದ ಬಂದವರು. 1967ರಲ್ಲಿ ಶಿವಮೊಗ್ಗದಿಂದ ಲೋಕಸಭೆಗೆ ಹೋಗಿ ಅಲ್ಲಿ ಕನ್ನಡದಲ್ಲಿ ಮಾತಾಡಿದವರು. 1994ರ ಚುನಾವಣೆಯಲ್ಲಿ ಜನತಾದಳ 115 ಸ್ಥಾನ ಗೆದ್ದಾಗ ಮುಖ್ಯಮಂತ್ರಿ ಸ್ಥಾನಕ್ಕೆ ದೊಡ್ಡ ಹೆಸರುಗಳೇ ಇದ್ದವು. ದೇವೇಗೌಡರು ಮುಖ್ಯಮಂತ್ರಿಯಾದರು, ಪಟೇಲರು ಉಪಮುಖ್ಯಮಂತ್ರಿಯಾದರು. ಆ ಪಕ್ಷದೊಳಗೆ ದೇವೇಗೌಡರ ಬಣ, ರಾಮಕೃಷ್ಣ ಹೆಗಡೆಯವರ ಬಣ ಎಂಬ ಎಳೆದಾಟ ಸದಾ ಇತ್ತು. 1996ರಲ್ಲಿ ದೇವೇಗೌಡರಿಗೆ ಪ್ರಧಾನಿ ಪಟ್ಟ ಒಲಿದಾಗ, ಮೇ 31ರಂದು ಪಟೇಲರು ಮುಖ್ಯಮಂತ್ರಿಯಾದರು, ಆ ಸ್ಥಾನದ ಇನ್ನೊಬ್ಬ ಆಕಾಂಕ್ಷಿಯಾಗಿದ್ದ ಸಿದ್ದರಾಮಯ್ಯನವರು ಉಪಮುಖ್ಯಮಂತ್ರಿಯಾದರು.

ಪಟೇಲರ ವೈಯಕ್ತಿಕ ಜೀವನದ ಬಗ್ಗೆ ಟೀಕೆಗಳಿದ್ದವು. ಅದರ ಬಗ್ಗೆ ಅವರೇ ಮುಚ್ಚುಮರೆಯಿಲ್ಲದೆ ಮಾತಾಡುತ್ತಿದ್ದರು. ನಮ್ಮಂಥವರಿಗೆ ಅದರಲ್ಲಿ ಒಪ್ಪಿಗೆಯಾಗದ್ದು ಬಹಳವಿತ್ತು, ಇದನ್ನು ಹೇಳದೆ ಬಿಡಲಾಗದು. ಆಡಳಿತದಲ್ಲಿ ಸೋಮಾರಿತನದ ಆರೋಪವೂ ಇತ್ತು. ಆದರೂ 1997ರ ಆಗಸ್ಟ್‌ನಲ್ಲಿ 7 ಹೊಸ ಜಿಲ್ಲೆಗಳನ್ನು ರಚಿಸುವ ತೀರ್ಮಾನ ಆದದ್ದು ಅವರ ಕಾಲದಲ್ಲಿ. ದಾವಣಗೆರೆ ಜಿಲ್ಲೆಯಾದದ್ದು, ನಮ್ಮ ಹೊನ್ನಾಳಿ ಮತ್ತು ಚನ್ನಗಿರಿಗಳು ಶಿವಮೊಗ್ಗದಿಂದ ದಾವಣಗೆರೆಗೆ ಸೇರಿದ್ದು ಆಗಲೇ. ಇಂದು ನಿಮ್ಮ ಮಗನ ಜಾತಿ ಪ್ರಮಾಣಪತ್ರದ ಮೇಲೆ, ನಿಮ್ಮ ಹೊಲದ ಪಹಣಿಯ ಮೇಲೆ ದಾವಣಗೆರೆ ಜಿಲ್ಲೆ ಎಂದಿದ್ದರೆ ಅದರ ಹಿಂದೆ ಒಮ್ಮೆ ಎರಡನೆಯ ಕುರ್ಚಿಯಲ್ಲಿದ್ದ ವ್ಯಕ್ತಿಯ ರುಜುವಿದೆ. ಕೆಲವರಿಗೆ ಅದು ಇಂದಿಗೂ ಅಸಮಾಧಾನ. ಶಿವಮೊಗ್ಗವೇ ಹತ್ತಿರವಾಗಿತ್ತು ಎನ್ನುವ ಹಿರಿಯರು ನಮ್ಮಲ್ಲಿದ್ದಾರೆ. ಇರಲಿ. ನಾನು ಹೇಳುವುದೇನೆಂದರೆ, ದೇವೇಗೌಡರು ಆ ಸ್ಥಾನದಲ್ಲಿದ್ದ ಸುಮಾರು ಒಂದೂವರೆ ವರ್ಷ ಪಟೇಲರು ಅವರ ಕುರ್ಚಿಯ ಕಾಲನ್ನು ಅಲುಗಾಡಿಸಲಿಲ್ಲ. ಆಸೆ ಇರಲಿಲ್ಲವೆಂದಲ್ಲ, ಆಸೆಯಿಲ್ಲದ ರಾಜಕಾರಣಿ ಯಾರಿದ್ದಾನೆ? ಆದರೆ ಆ ಆಸೆಗಾಗಿ ಸರ್ಕಾರದ ಕೆಲಸ ನಿಲ್ಲಲಿಲ್ಲ. 1999ರಲ್ಲಿ ಜನತಾದಳ ಒಡೆಯಿತು. ಪಟೇಲರಿದ್ದ ಸಂಯುಕ್ತ ಜನತಾದಳಕ್ಕೆ 18, ದೇವೇಗೌಡರ ಜಾತ್ಯತೀತ ಜನತಾದಳಕ್ಕೆ 10 ಸ್ಥಾನ ಸಿಕ್ಕಿತು. 2000ದ ಡಿಸೆಂಬರ್‌ನಲ್ಲಿ ಪಟೇಲರು ತೀರಿಕೊಂಡರು.

ಸಿದ್ದರಾಮಯ್ಯನವರ ದಾರಿ ಬೇರೆ. 2004ರಲ್ಲಿ ಬಿಜೆಪಿಗೆ 79, ಕಾಂಗ್ರೆಸ್ಸಿಗೆ 65, ಜನತಾದಳಕ್ಕೆ 58 ಸ್ಥಾನ ಬಂದು ಧರ್ಮಸಿಂಗ್‌ರ ಸಮ್ಮಿಶ್ರ ಸರ್ಕಾರ ರಚನೆಯಾದಾಗ ಅವರು ಎರಡನೆಯ ಬಾರಿಗೆ ಉಪಮುಖ್ಯಮಂತ್ರಿಯಾದರು. ಮುಖ್ಯಮಂತ್ರಿ ಸ್ಥಾನ ತಪ್ಪಿತೆಂಬ ನೋವು ಅವರಲ್ಲಿತ್ತು. ಅಲ್ಪಸಂಖ್ಯಾತರು, ಹಿಂದುಳಿದವರು, ದಲಿತರನ್ನು ಸೇರಿಸಿ ಅಹಿಂದ ಸಮಾವೇಶಗಳಲ್ಲಿ ಭಾಗವಹಿಸಿದರು. 2005ರ ಆಗಸ್ಟ್‌ನಲ್ಲಿ ಅವರನ್ನು ಕೈಬಿಟ್ಟು ಎಂ.ಪಿ. ಪ್ರಕಾಶ್‌ರನ್ನು ಆ ಸ್ಥಾನಕ್ಕೆ ತರಲಾಯಿತು. ಮುಂದೆ ಅವರು ಕಾಂಗ್ರೆಸ್ ಸೇರಿ 2006ರ ಡಿಸೆಂಬರ್‌ನಲ್ಲಿ ಚಾಮುಂಡೇಶ್ವರಿಯ ಉಪಚುನಾವಣೆಯನ್ನು ಕೇವಲ 257 ಮತಗಳಿಂದ ಗೆದ್ದು, 2013ರಲ್ಲಿ ಮುಖ್ಯಮಂತ್ರಿಯಾದರು. ಅವರ ಆಸೆ ದೊಡ್ಡದಾಗಿತ್ತು ನಿಜ. ಆದರೆ ಆ ಆಸೆಯನ್ನು ಅವರು ಬಹಿರಂಗ ಸಭೆಗಳಿಗೆ ತಂದರು, ಚುನಾವಣೆಯ ಕಣದಲ್ಲಿ ಪರೀಕ್ಷೆಗೊಡ್ಡಿದರು. ರಾತ್ರಿಯ ಒಪ್ಪಂದಕ್ಕಿಂತ ಇದು ಎಷ್ಟೋ ಮೇಲು. ಆ ಸಮಾವೇಶಗಳಿಗೆ ಬಸ್ಸು ಹತ್ತಿ ಹೋದ ನಮ್ಮ ಸಮುದಾಯಕ್ಕೆ ಬದಲಾಗಿ ಏನು ದೊರೆಯಿತು ಎಂಬ ಲೆಕ್ಕ ಬೇರೆಯೇ ಇದೆ, ಅದನ್ನು ಇನ್ನೊಂದು ದಿನ ಮಾತಾಡೋಣ.

ರಾತ್ರಿಯ ಒಪ್ಪಂದವೆಂದೆ. ಅದರ ಕಥೆ ನಮ್ಮ ಪಕ್ಕದ ಶಿಕಾರಿಪುರಕ್ಕೆ ಸಂಬಂಧಿಸಿದ್ದು. 2006ರ ಫೆಬ್ರವರಿ 3ರಂದು ಎಚ್.ಡಿ. ಕುಮಾರಸ್ವಾಮಿಯವರು ಮುಖ್ಯಮಂತ್ರಿಯಾಗಿ, ಬಿ.ಎಸ್. ಯಡಿಯೂರಪ್ಪನವರು ಉಪಮುಖ್ಯಮಂತ್ರಿಯಾಗಿ ಪ್ರಮಾಣ ವಚನ ಸ್ವೀಕರಿಸಿದರು. ಉಳಿದಿದ್ದ 40 ತಿಂಗಳನ್ನು 20-20 ಎಂದು ಹಂಚಿಕೊಂಡಿದ್ದರು. 2004ರಲ್ಲಿ ಜನತಾದಳಕ್ಕೆ ಮತ ಹಾಕಿದವರಲ್ಲಿ ಈ ಹಂಚಿಕೆಗೆ ಮತ ಹಾಕಿದವರು ಒಬ್ಬರೂ ಇರಲಿಲ್ಲ. ಬಿಜೆಪಿಯನ್ನು ದೂರವಿಡಲೆಂದೇ ಆ ಪಕ್ಷಕ್ಕೆ ಮತ ನೀಡಿದ್ದ ಮುಸ್ಲಿಮರ ಸ್ಥಿತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದೇ ವರ್ಷ ಅಕ್ಟೋಬರ್‌ನಲ್ಲಿ ಮಂಗಳೂರಿನಲ್ಲಿ ಕೋಮು ಗಲಭೆ ನಡೆದು ಕರ್ಫ್ಯೂ ಹೇರಲಾದಾಗ, ಸರ್ಕಾರದೊಳಗಿನ ಎರಡು ಪಕ್ಷಗಳಲ್ಲಿ ಯಾರ ಬಳಿ ಉತ್ತರ ಕೇಳಬೇಕೆಂಬುದೇ ಸಂತ್ರಸ್ತರಿಗೆ ತಿಳಿಯದಾಯಿತು.

ನ್ಯಾಯವಾಗಿ ಹೇಳಬೇಕೆಂದರೆ, ಆ 20 ತಿಂಗಳಲ್ಲಿ ಯಡಿಯೂರಪ್ಪನವರು ಹಣಕಾಸು ಖಾತೆಯನ್ನು ಸುಮ್ಮನೆ ಇಟ್ಟುಕೊಳ್ಳಲಿಲ್ಲ. ಹೆಣ್ಣು ಮಕ್ಕಳಿಗಾಗಿ ಭಾಗ್ಯಲಕ್ಷ್ಮಿ ಯೋಜನೆ ಬಂದದ್ದು, ಪ್ರೌಢಶಾಲೆಯ ಹುಡುಗಿಯರಿಗೆ ಸೈಕಲ್ ಬಂದದ್ದು ಆಗಲೇ. ಬುರ್ಖಾ ತೊಟ್ಟ ನಮ್ಮ ಹುಡುಗಿಯರೂ ಆ ಸೈಕಲ್ ತುಳಿದು ಶಾಲೆಗೆ ಹೋದರು. ಪಕ್ಷದ ಮೇಲಿನ ಸಿಟ್ಟಿನಿಂದ ಇದನ್ನು ಮರೆಯುವುದು ಪ್ರಾಮಾಣಿಕತೆಯಾಗದು. ಆದರೆ 2007ರ ಅಕ್ಟೋಬರ್ ಬಂದಾಗ ಕುರ್ಚಿ ಹಸ್ತಾಂತರವಾಗಲಿಲ್ಲ. ಕುಮಾರಸ್ವಾಮಿಯವರು ಅಕ್ಟೋಬರ್ 8ರಂದು ರಾಜೀನಾಮೆಯಿತ್ತರು, ರಾಷ್ಟ್ರಪತಿ ಆಳ್ವಿಕೆ ಬಂತು, ನವೆಂಬರ್ 12ರಂದು ಯಡಿಯೂರಪ್ಪನವರು ಮುಖ್ಯಮಂತ್ರಿಯಾಗಿ 7 ದಿನಗಳಲ್ಲೇ ರಾಜೀನಾಮೆ ಕೊಡಬೇಕಾಯಿತು. ಮುಂದಿನ ಚುನಾವಣೆಯಲ್ಲಿ ಒಂದೇ ವಿಷಯ: ವಚನಭ್ರಷ್ಟತೆ. ರಸ್ತೆಯಿಲ್ಲ, ಶಾಲೆಯಿಲ್ಲ, ಬೆಳೆಯ ಬೆಲೆಯಿಲ್ಲ. ಮಾತು ಕೊಟ್ಟು ತಪ್ಪಿದರು ಎಂಬ ಕಣ್ಣೀರಿನ ಮೇಲೆ 2008ರ ಮೇ ತಿಂಗಳಲ್ಲಿ ಬಿಜೆಪಿ 110 ಸ್ಥಾನ ಗೆದ್ದು ಸ್ವಂತ ನೇತೃತ್ವದ ಸರ್ಕಾರ ರಚಿಸಿತು. ಹೊನ್ನಾಳಿಯೂ ಆ ಬಾರಿ ಬಿಜೆಪಿಯನ್ನೇ ಆರಿಸಿತು. ಗುಟ್ಟಿನ ಒಪ್ಪಂದವೊಂದು ಮುರಿದರೆ ಅದರ ಬೆಲೆ ಒಪ್ಪಂದ ಮಾಡಿಕೊಂಡವರು ಮಾತ್ರ ತೆರುವುದಿಲ್ಲ, ಇಡೀ ರಾಜ್ಯದ ರಾಜಕೀಯ ದಿಕ್ಕೇ ಬದಲಾಗುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಗೊತ್ತಿಲ್ಲ.

ಇಲ್ಲಿಯವರೆಗಿನ ಲೆಕ್ಕ ನೋಡಿ. ಕೃಷ್ಣ, ಪಟೇಲ್, ಸಿದ್ದರಾಮಯ್ಯ, ಪ್ರಕಾಶ್, ಯಡಿಯೂರಪ್ಪ. ಈ ಐವರಲ್ಲಿ ಪ್ರಕಾಶ್‌ರೊಬ್ಬರನ್ನು ಬಿಟ್ಟರೆ ನಾಲ್ವರೂ ಮುಂದೆ ಮುಖ್ಯಮಂತ್ರಿಗಳಾದರು. ಆಗ ಆ ಹೆಸರಿಗೆ ತೂಕವಿತ್ತು. ಅದು ಒಬ್ಬರಿಗೇ ಸಿಗುತ್ತಿತ್ತು. 2012ರ ಜುಲೈಯಲ್ಲಿ ಜಗದೀಶ್ ಶೆಟ್ಟರ್‌ರ ಸರ್ಕಾರದಲ್ಲಿ ಆರ್. ಅಶೋಕ್ ಮತ್ತು ಕೆ.ಎಸ್. ಈಶ್ವರಪ್ಪ ಎಂಬ ಇಬ್ಬರು ಬಂದರು. 2018ರಲ್ಲಿ ಜಿ. ಪರಮೇಶ್ವರ್ ಒಬ್ಬರೇ. 2019ರ ಆಗಸ್ಟ್‌ನಲ್ಲಿ ಗೋವಿಂದ ಕಾರಜೋಳ, ಸಿ.ಎನ್. ಅಶ್ವತ್ಥನಾರಾಯಣ, ಲಕ್ಷ್ಮಣ ಸವದಿ ಎಂಬ ಮೂವರು. ಆ ಸರ್ಕಾರಗಳ ಅವಧಿಯಲ್ಲಿ ಇವರಲ್ಲಿ ಯಾರೂ ಮೇಲೇರಲಿಲ್ಲ. 2003ರ 91ನೆಯ ತಿದ್ದುಪಡಿಯ ನಂತರ ಮಂತ್ರಿಮಂಡಲದ ಗಾತ್ರ ವಿಧಾನಸಭೆಯ ಶೇ. 15ನ್ನು ಮೀರುವಂತಿಲ್ಲ. ನಮ್ಮ ರಾಜ್ಯದಲ್ಲಿ ಅದು 34. ಕುರ್ಚಿಗಳನ್ನು ಹೆಚ್ಚಿಸಲು ಕಾನೂನು ಬಿಡುವುದಿಲ್ಲ, ಆದ್ದರಿಂದ ಇರುವ ಕುರ್ಚಿಗೆ ಉದ್ದದ ಹೆಸರಿಡುತ್ತಾರೆ. ಒಂದು ಒಕ್ಕಲಿಗರಿಗೆ, ಒಂದು ಲಿಂಗಾಯತರಿಗೆ, ಒಂದು ದಲಿತರಿಗೆ.

ಈ ಮೂವರ ಪೈಕಿ ಸವದಿಯವರ ನೇಮಕದಲ್ಲಿ ಅರ್ಹತೆಯ ಚರ್ಚೆ ನಿಜವಾಗಿ ಎದ್ದಿತು. ಅವರು 2018ರಲ್ಲಿ ಅಥಣಿಯಲ್ಲಿ ಸೋತಿದ್ದರು, ನೇಮಕದ ವೇಳೆ ಎರಡೂ ಸದನಗಳ ಸದಸ್ಯರಾಗಿರಲಿಲ್ಲ. 2012ರ ಫೆಬ್ರವರಿಯಲ್ಲಿ ಸದನದೊಳಗೆ ಮೊಬೈಲಿನಲ್ಲಿ ಅಶ್ಲೀಲ ದೃಶ್ಯ ನೋಡಿದ ಆರೋಪದ ಮೇಲೆ ಮಂತ್ರಿ ಸ್ಥಾನಕ್ಕೆ ರಾಜೀನಾಮೆ ಕೊಟ್ಟಿದ್ದರು. ಕಾಂಗ್ರೆಸ್ ಇದನ್ನು ಎತ್ತಿಕೊಂಡು ಗದ್ದಲವೆಬ್ಬಿಸಿತು. ಸೋತವರಿಗೆ ಏಕೆ ಈ ಸ್ಥಾನ ಎಂದು ಬಿಜೆಪಿಯೊಳಗೇ ಬಹಿರಂಗವಾಗಿ ಕೇಳಿದವರಲ್ಲಿ ಹೊನ್ನಾಳಿಯ ಅಂದಿನ ಶಾಸಕ ಎಂ.ಪಿ. ರೇಣುಕಾಚಾರ್ಯರೂ ಇದ್ದರು. ಅವರನ್ನು ಬಳಿಕ ಮುಖ್ಯಮಂತ್ರಿಗಳ ರಾಜಕೀಯ ಕಾರ್ಯದರ್ಶಿಯನ್ನಾಗಿ ನೇಮಿಸಲಾಯಿತು. ಕಥೆ ಇಲ್ಲಿಗೆ ಮುಗಿಯಲಿಲ್ಲ. 2023ರ ಏಪ್ರಿಲ್‌ನಲ್ಲಿ ಬಿಜೆಪಿ ಟಿಕೆಟ್ ನಿರಾಕರಿಸಿದಾಗ ಸವದಿಯವರು ಕಾಂಗ್ರೆಸ್ ಸೇರಿದರು, ಅದೇ ಅಥಣಿಯಿಂದ ಕಾಂಗ್ರೆಸ್ ಟಿಕೆಟಿನಲ್ಲಿ ಗೆದ್ದರು. ನಾಲ್ಕು ವರ್ಷಗಳ ಹಿಂದೆ ಅವರ ನೈತಿಕತೆಯನ್ನು ಪ್ರಶ್ನಿಸಿದ್ದ ಬಾಯಿಗಳೇ ಸ್ವಾಗತ ಭಾಷಣ ಮಾಡಿದವು. ಅವರನ್ನು ಸಮರ್ಥಿಸಿಕೊಂಡಿದ್ದವರಿಗೆ ಆಗ ಹಳೆಯ ಮೊಬೈಲಿನ ನೆನಪಾಯಿತು. ಅರ್ಹತೆಯ ಅಳತೆಗೋಲು ವ್ಯಕ್ತಿಯೊಂದಿಗೆ ಪಕ್ಷಾಂತರ ಮಾಡುವುದಾದರೆ ಅದು ಅಳತೆಗೋಲೇ ಅಲ್ಲ.

ಇದೇ ಎರಡು ನಾಲಿಗೆಯನ್ನು ಡಿ.ಕೆ. ಶಿವಕುಮಾರ್‌ರ ವಿಷಯದಲ್ಲೂ ಕಂಡಿದ್ದೇವೆ. 2019ರ ಸೆಪ್ಟೆಂಬರ್‌ನಲ್ಲಿ ಜಾರಿ ನಿರ್ದೇಶನಾಲಯ ಅವರನ್ನು ಬಂಧಿಸಿತು, ಅವರು ತಿಹಾರ್ ಜೈಲಿನಲ್ಲಿದ್ದರು, ಅಕ್ಟೋಬರ್‌ನಲ್ಲಿ ಜಾಮೀನು ಸಿಕ್ಕಿತು. 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆ ಹಣ ಅಕ್ರಮ ವರ್ಗಾವಣೆ ಪ್ರಕರಣವನ್ನು ರದ್ದುಪಡಿಸಿತು. ಜೈಲಿಗೆ ಹೋದವರು ಅನರ್ಹರು ಎಂದು ಬಿಜೆಪಿಯವರು ಹೇಳುತ್ತಾ ಬಂದರು. 2011ರಲ್ಲಿ ಜೈಲು ಕಂಡಿದ್ದ ತಮ್ಮ ನಾಯಕರನ್ನು 2019ರಲ್ಲಿ ಮುಖ್ಯಮಂತ್ರಿಯನ್ನಾಗಿ ಮಾಡಿದ್ದೂ ಅವರೇ. ಕಾಂಗ್ರೆಸ್ಸಿಗರು ಮೊದಲನೆಯದನ್ನು ರಾಜಕೀಯ ದ್ವೇಷ ಎಂದರು, ಎರಡನೆಯದನ್ನು ಭ್ರಷ್ಟಾಚಾರ ಎಂದರು.

2023ರ ಮೇ ತಿಂಗಳಲ್ಲಿ ಕಾಂಗ್ರೆಸ್ 135 ಸ್ಥಾನ ಗೆದ್ದು, ಕೆಲವು ದಿನಗಳ ದೆಹಲಿ ಚರ್ಚೆಯ ನಂತರ 20ರಂದು ಸಿದ್ದರಾಮಯ್ಯನವರು ಮುಖ್ಯಮಂತ್ರಿಯಾಗಿ, ಶಿವಕುಮಾರ್‌ರು ಏಕೈಕ ಉಪಮುಖ್ಯಮಂತ್ರಿಯಾಗಿ ಪ್ರಮಾಣ ಸ್ವೀಕರಿಸಿದರು. ಎರಡೂವರೆ ವರ್ಷದ ಹಂಚಿಕೆ ಇದೆ ಎಂದು ಒಂದು ಬಣ, ಇಲ್ಲ ಎಂದು ಇನ್ನೊಂದು. ಪಕ್ಷದ ವರಿಷ್ಠರು ಜನರ ಮುಂದೆ ಬಂದು ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಶಿವಕುಮಾರ್‌ರು ಮುಖ್ಯಮಂತ್ರಿಯಾಗುತ್ತಾರೆ ಎಂದು ಚನ್ನಗಿರಿಯ ಶಾಸಕ ಬಸವರಾಜು ಶಿವಗಂಗಾರು ಬಹಿರಂಗವಾಗಿಯೇ ಸಾರಿದರು. ರಾಮನಗರದ ಶಾಸಕ ಇಕ್ಬಾಲ್ ಹುಸೇನ್‌ರಿಗೆ ಅಂಥದೇ ಮಾತಿಗಾಗಿ 2025ರಲ್ಲಿ ಪಕ್ಷ ನೋಟಿಸ್ ಕೊಟ್ಟಿತು. 2025ರ ನವೆಂಬರ್‌ನಲ್ಲಿ ಎರಡೂವರೆ ವರ್ಷ ತುಂಬಿದಾಗ ಶಾಸಕರ ಗುಂಪುಗಳು ದೆಹಲಿಗೆ ಹೋದವು. ನವೆಂಬರ್ 29ರಂದು ಒಬ್ಬರ ಮನೆಯಲ್ಲಿ, ಡಿಸೆಂಬರ್ 2ರಂದು ಇನ್ನೊಬ್ಬರ ಮನೆಯಲ್ಲಿ ಉಪಾಹಾರ ನಡೆಯಿತು. ದೂರದರ್ಶನದ ವಾಹಿನಿಗಳು ಇಡ್ಲಿಯನ್ನೂ ಉಪ್ಪಿಟ್ಟನ್ನೂ ವಿಶ್ಲೇಷಿಸಿದವು.

ಆ ತಿಂಗಳುಗಳಲ್ಲಿ ನಾವು ಕೇಳಬೇಕಾಗಿದ್ದ ಪ್ರಶ್ನೆ ಯಾವುದು? ಶಿವಕುಮಾರ್‌ರ ಕೈಗೆ 2023ರಲ್ಲಿ ಕೊಟ್ಟ ಖಾತೆಗಳು ಜಲಸಂಪನ್ಮೂಲ ಮತ್ತು ಬೆಂಗಳೂರು ಅಭಿವೃದ್ಧಿ. ನಮ್ಮ ಜಿಲ್ಲೆಯ ಜಗಳೂರು ಬರಗಾಲದ ತಾಲೂಕು. ಅಲ್ಲಿನವರು ಭದ್ರಾ ಮೇಲ್ದಂಡೆಯ ನೀರಿಗಾಗಿ ವರ್ಷಗಳಿಂದ ಕಾದಿದ್ದಾರೆ. 2023ರ ಕೇಂದ್ರ ಬಜೆಟ್ಟಿನಲ್ಲಿ ಆ ಯೋಜನೆಗೆ 5,300 ಕೋಟಿ ರೂಪಾಯಿ ಘೋಷಣೆಯಾಯಿತು. ಆ ಹಣ ಬರಲಿಲ್ಲವೆಂದು ರಾಜ್ಯ ಸರ್ಕಾರ, ರಾಜ್ಯವೇ ಕೆಲಸ ಮಾಡಲಿಲ್ಲವೆಂದು ಬಿಜೆಪಿ. 2025ರ ಜೂನ್‌ನಲ್ಲಿ ಭದ್ರಾ ಬಲದಂಡೆ ನಾಲೆಯ ಕಾಮಗಾರಿಯನ್ನು ವಿರೋಧಿಸಿ ದಾವಣಗೆರೆಯ ರೈತರು ಬೀದಿಗಿಳಿದರು. ಕುಡಿಯುವ ನೀರು ಬೇಕೆನ್ನುವ ತಾಲೂಕುಗಳು ಒಂದೆಡೆ, ಭತ್ತದ ಗದ್ದೆಗೆ ನೀರು ತಪ್ಪುತ್ತದೆನ್ನುವವರು ಇನ್ನೊಂದೆಡೆ. ಇದನ್ನು ಬಿಡಿಸುವ ಶಕ್ತಿ ಮತ್ತು ವ್ಯವಧಾನ ಜಲಸಂಪನ್ಮೂಲ ಮಂತ್ರಿಗೆ ಇದೆಯೇ? ಅರ್ಹತೆಯ ಪರೀಕ್ಷೆ ಎಂದರೆ ಇದು. ಯಾರ ಮನೆಯಲ್ಲಿ ಯಾರು ಉಪಾಹಾರ ಸೇವಿಸಿದರು ಎಂಬುದರಿಂದ ಜಗಳೂರಿನ ಕೆರೆಗೆ ಒಂದು ಕೊಡ ನೀರೂ ಬರದು.

ಇನ್ನು ನಮ್ಮ ಸಮುದಾಯದ ಬೇಡಿಕೆಗೆ ಬರುತ್ತೇನೆ. 2023ರ ಮೇ ತಿಂಗಳಲ್ಲಿ ಫಲಿತಾಂಶ ಬಂದ ಕೂಡಲೇ ವಕ್ಫ್ ಮಂಡಳಿಯ ಅಂದಿನ ಅಧ್ಯಕ್ಷರಾದ ಶಾಫಿ ಸಅದಿಯವರು, ಮುಸ್ಲಿಮರೊಬ್ಬರನ್ನು ಉಪಮುಖ್ಯಮಂತ್ರಿ ಮಾಡಬೇಕು, ಐವರಿಗೆ ಮಂತ್ರಿ ಸ್ಥಾನ ಕೊಡಬೇಕು ಎಂದು ಒತ್ತಾಯಿಸಿದರು. 2024ರಲ್ಲಿ ಆಗ ಮಂತ್ರಿಯಾಗಿದ್ದ ಕೆ.ಎನ್. ರಾಜಣ್ಣರೂ ಇನ್ನೂ ಮೂವರು ಉಪಮುಖ್ಯಮಂತ್ರಿಗಳು ಬೇಕು, ಅದರಲ್ಲಿ ಒಬ್ಬರು ಅಲ್ಪಸಂಖ್ಯಾತರಿರಲಿ ಎಂದರು. ನಮ್ಮ ಯುವಕರಲ್ಲಿ ಇದು ದೊಡ್ಡ ಉತ್ಸಾಹ ತಂದಿತು. ಕಾಂಗ್ರೆಸ್ಸಿನಿಂದ 9 ಮುಸ್ಲಿಮರು ಗೆದ್ದಿದ್ದಾರೆ, ಸಮುದಾಯ ಒಟ್ಟಾಗಿ ಮತ ಹಾಕಿದೆ, ಕೇಳುವುದರಲ್ಲಿ ತಪ್ಪೇನು?

ಕೇಳುವುದರಲ್ಲಿ ತಪ್ಪಿಲ್ಲ. ಪ್ರಾತಿನಿಧ್ಯ ನಮ್ಮ ಹಕ್ಕು. ಆದರೆ ಏನನ್ನು ಕೇಳುತ್ತಿದ್ದೇವೆ ಎಂಬ ಅರಿವಿರಬೇಕು. ತೆಲಂಗಾಣದಲ್ಲಿ 2014ರಿಂದ 2018ರವರೆಗೆ ಮುಹಮ್ಮದ್ ಮಹಮೂದ್ ಅಲಿಯವರು ಉಪಮುಖ್ಯಮಂತ್ರಿಯಾಗಿದ್ದರು. ಅದೇ ಅವಧಿಯಲ್ಲಿ ಆ ಸರ್ಕಾರ ಭರವಸೆಯಿತ್ತ ಶೇ. 12 ಮೀಸಲಾತಿ ಜಾರಿಗೆ ಬರಲಿಲ್ಲ. ಆಂಧ್ರದಲ್ಲಿ 2019ರಿಂದ 2024ರವರೆಗೆ ಜಗನ್‌ಮೋಹನ್ ರೆಡ್ಡಿಯವರ ಸರ್ಕಾರದಲ್ಲಿ ಐವರು ಉಪಮುಖ್ಯಮಂತ್ರಿಗಳು. ಅವರಲ್ಲಿ ಒಬ್ಬರು ಕಡಪದ ಅಂಜದ್ ಬಾಷಾ. ಐವರಿಗೆ ಒಂದೇ ಹೆಸರು ಕೊಟ್ಟರೆ ಆ ಹೆಸರಿನ ಬೆಲೆ ಏನೆಂದು ನೀವೇ ಊಹಿಸಿ. ನಮ್ಮ ರಾಜ್ಯದಲ್ಲೇ ದಲಿತ ಮುಖ್ಯಮಂತ್ರಿಯ ಬೇಡಿಕೆ ಎಷ್ಟು ಹಳೆಯದು! ಪರಮೇಶ್ವರ್‌ರಿಗೂ ಕಾರಜೋಳರಿಗೂ ಉಪಮುಖ್ಯಮಂತ್ರಿ ಎಂಬ ಹೆಸರು ಸಿಕ್ಕಿತು. 2025 ಮುಗಿಯುವವರೆಗೂ ಕರ್ನಾಟಕ ದಲಿತ ಮುಖ್ಯಮಂತ್ರಿಯನ್ನು ಕಾಣಲಿಲ್ಲ. ಹಸಿದವನ ಕೈಗೆ ತಟ್ಟೆ ಕೊಟ್ಟು ಕಳುಹಿಸಿದಂತಾಯಿತು.

ಇನ್ನೊಂದು ಬದಿಯನ್ನೂ ನೋಡೋಣ. ಪ್ರವರ್ಗ 2ಬಿಯ ಶೇ. 4 ಮೀಸಲಾತಿ 1995ರಲ್ಲಿ ದೇವೇಗೌಡರ ಸರ್ಕಾರದಲ್ಲಿ ಬಂತು. ಆಗ ಉಪಮುಖ್ಯಮಂತ್ರಿ ಚನ್ನಗಿರಿಯ ಪಟೇಲರು. ಮುಸ್ಲಿಮರಲ್ಲ. ಆದರೆ ಆ ಆದೇಶದಿಂದ ಇಂಜಿನಿಯರಿಂಗ್ ಸೀಟು ಪಡೆದವರು, ಶಿಕ್ಷಕರಾದವರು ಪ್ರತಿ ಪಟ್ಟಣದಲ್ಲೂ ಇದ್ದಾರೆ. 2023ರ ಮಾರ್ಚ್‌ನಲ್ಲಿ ಬಸವರಾಜ ಬೊಮ್ಮಾಯಿ ಸರ್ಕಾರ ಅದನ್ನು ಕಿತ್ತು ಬೇರೆ ಎರಡು ಸಮುದಾಯಗಳಿಗೆ ತಲಾ ಶೇ. 2 ಹಂಚಿದಾಗ ಅದು ಸುಪ್ರೀಂ ಕೋರ್ಟಿಗೆ ಹೋಯಿತು. ಆದೇಶವನ್ನು ಸದ್ಯಕ್ಕೆ ಜಾರಿಗೊಳಿಸುವುದಿಲ್ಲವೆಂದು ಸರ್ಕಾರವೇ ನ್ಯಾಯಾಲಯಕ್ಕೆ ಹೇಳಬೇಕಾಯಿತು. ಚಳ್ಳಕೆರೆಯಿಂದ ಬಂದ ಜಾಫರ್ ಷರೀಫ್‌ರು ಯಾವ 'ಉಪ'ವೂ ಆಗಿರಲಿಲ್ಲ. 1991ರಿಂದ 1995ರವರೆಗೆ ಕೇಂದ್ರದ ರೈಲ್ವೆ ಮಂತ್ರಿಯಾಗಿ ಮೀಟರ್ ಗೇಜ್ ಹಳಿಗಳನ್ನು ಬ್ರಾಡ್ ಗೇಜ್ ಮಾಡುವ ಕೆಲಸಕ್ಕೆ ವೇಗ ಕೊಟ್ಟರು. ಆ ಹಳಿಗಳ ಮೇಲೆ ಎಲ್ಲ ಧರ್ಮದವರೂ ಪ್ರಯಾಣಿಸುತ್ತಾರೆ. ಖಾತೆ ಮುಖ್ಯ, ಖಾತೆಗೆ ಹಣ ಮುಖ್ಯ, ಅದನ್ನು ನಿಭಾಯಿಸುವ ವ್ಯಕ್ತಿ ಮುಖ್ಯ. ಒಂದು ವೇಳೆ ನಾಳೆ ಯಾರಾದರೂ ನಮಗೆ ಆಯ್ಕೆ ಕೊಟ್ಟರೆ, ಖಾತೆಯಿಲ್ಲದ ಉಪಮುಖ್ಯಮಂತ್ರಿ ಪಟ್ಟಕ್ಕಿಂತ ಶಿಕ್ಷಣ ಖಾತೆಯ ಸಮರ್ಥ ಮಂತ್ರಿಯೊಬ್ಬರನ್ನು ಕೇಳಿ ಎಂಬುದು ನನ್ನ ಅಭಿಪ್ರಾಯ. ಒಪ್ಪದವರು ಇರಬಹುದು.

ಸ್ಥಾನವನ್ನು ಕೇಳುವುದೇ ತಪ್ಪಲ್ಲವೇ ಎಂದು ನಮ್ಮ ಕೆಲವು ಹಿರಿಯರು ಕೇಳುತ್ತಾರೆ. ಅಬೂದರ್ರ್(ರ)ರವರು ಅಧಿಕಾರ ಸ್ಥಾನ ಕೇಳಿದಾಗ ಪ್ರವಾದಿವರ್ಯರು(ಸ) ಅದನ್ನು ಕೊಡಲಿಲ್ಲ, ಅದೊಂದು ಅಮಾನತ್ ಎಂದೂ ಅವರು ಅದಕ್ಕೆ ದುರ್ಬಲರೆಂದೂ ತಿಳಿಸಿದರು. ಅಬೂದರ್ರ್‌ರ ಸತ್ಯಸಂಧತೆಯ ಬಗ್ಗೆ ಯಾರಿಗೂ ಸಂಶಯವಿರಲಿಲ್ಲ. ಯೂಸುಫ್(ಅ)ರವರಾದರೋ ಈಜಿಪ್ಟಿನ ಉಗ್ರಾಣಗಳ ಹೊಣೆಯನ್ನು ತಾವಾಗಿಯೇ ಕೇಳಿ ಪಡೆದರು. ತನಗೆ ಕಾಪಾಡುವುದೂ ಗೊತ್ತು, ಆ ಕೆಲಸದ ತಿಳಿವಳಿಕೆಯೂ ಇದೆ ಎಂಬುದೇ ಅವರು ಮುಂದಿಟ್ಟ ಕಾರಣ. ಎದುರಿಗಿದ್ದದ್ದು ಬರಗಾಲ. ಒಬ್ಬರಿಗೆ ನಿರಾಕರಿಸಲ್ಪಟ್ಟದ್ದು ಇನ್ನೊಬ್ಬರಿಗೆ ಸಿಕ್ಕಿತು. ಒಳ್ಳೆಯವನಾಗಿರುವುದು ಒಂದು, ಆ ಕೆಲಸಕ್ಕೆ ತಕ್ಕವನಾಗಿರುವುದು ಇನ್ನೊಂದು. ನಮ್ಮ ಟಿಕೆಟ್ ಆಕಾಂಕ್ಷಿಗಳು ಯೂಸುಫ್‌ರ ಉದಾಹರಣೆಯನ್ನು ಬಹಳ ಇಷ್ಟಪಡುತ್ತಾರೆ. ಉಗ್ರಾಣದ ಲೆಕ್ಕದ ಭಾಗವನ್ನು ಮಾತ್ರ ಓದುವುದಿಲ್ಲ.

ಕೊನೆಯದಾಗಿ ನಮ್ಮ ಊರಿನ ಮಾತು. ಪಟ್ಟಣಗಳ ಸ್ಥಳೀಯ ಸಂಸ್ಥೆಗಳಲ್ಲಿ ಅಧ್ಯಕ್ಷ, ಉಪಾಧ್ಯಕ್ಷರ ಅವಧಿ 30 ತಿಂಗಳು. ಅದನ್ನೂ ಮೂರು ಪಾಲು ಮಾಡಿ ನಿನಗೆ ಹತ್ತು, ನನಗೆ ಹತ್ತು ಎಂದು ಒಳ ಒಪ್ಪಂದ ಮಾಡಿಕೊಳ್ಳುವುದು ರಾಜ್ಯದ ಎಷ್ಟೋ ಕಡೆ ವಾಡಿಕೆಯಾಗಿದೆ. ಹತ್ತು ತಿಂಗಳಲ್ಲಿ ಒಳಚರಂಡಿಯ ಅಂದಾಜುಪಟ್ಟಿಗೆ ಮಂಜೂರಾತಿ ಸಿಗುವುದೂ ಕಷ್ಟ. ಮೀಸಲಾತಿಯಿಂದ ಮಹಿಳೆ ಉಪಾಧ್ಯಕ್ಷೆಯಾದರೆ ಸಭೆಯಲ್ಲಿ ಮಾತಾಡುವವರು ಆಕೆಯ ಗಂಡ. ಇದರಲ್ಲಿ ನಮ್ಮ ಮನೆಗಳೇನೂ ಹಿಂದೆ ಬಿದ್ದಿಲ್ಲ. ಸಹೋದರಿಯರೇ, ನಿಮ್ಮಲ್ಲಿ ಎಷ್ಟು ಮಂದಿಗೆ ನಿಮ್ಮ ವಾರ್ಡಿನ ನೀರಿನ ಟ್ಯಾಂಕ್ ತೊಳೆದದ್ದು ಯಾವಾಗ ಎಂದು ಸದಸ್ಯೆಯನ್ನೇ ನೇರವಾಗಿ ಕೇಳಲು ಸಾಧ್ಯವಾಗಿದೆ? ಆಕೆಯ ಗಂಡನನ್ನಲ್ಲ, ಆಕೆಯನ್ನು.

ಜಮಾಅತ್ ಕಮಿಟಿಗಳಲ್ಲೂ ಉಪಾಧ್ಯಕ್ಷ ಎಂಬ ಸ್ಥಾನವಿದೆ. ಅಧ್ಯಕ್ಷರಾಗಲು ಬಯಸಿದ್ದವರನ್ನು ಸುಮ್ಮನಾಗಿಸಲು ಅದನ್ನು ಕೊಡುತ್ತೇವೆ. ಅವರಿಗೆ ಕೆಲಸ ಕೊಡುವುದಿಲ್ಲ. ಮುಂದಿನ ಚುನಾವಣೆಯವರೆಗೆ ಅವರು ಅಧ್ಯಕ್ಷರ ತಪ್ಪುಗಳನ್ನು ಎಣಿಸುತ್ತಾ ಕೂರುತ್ತಾರೆ. ಇದರ ಬದಲು ಮದ್ರಸಾದ ಲೆಕ್ಕವನ್ನೋ ವಿದ್ಯಾರ್ಥಿವೇತನದ ಅರ್ಜಿಗಳನ್ನೋ ಅವರ ಕೈಗೆ ಕೊಟ್ಟು, ವರ್ಷದ ಕೊನೆಗೆ ಜಮಾಅತಿನ ಮುಂದೆ ವರದಿ ಓದಿಸಿ. ಅವರು ಮೇಲಿನ ಸ್ಥಾನಕ್ಕೆ ತಕ್ಕವರೇ ಅಲ್ಲವೇ ಎಂಬುದು ಆಗ ಎಲ್ಲರಿಗೂ ಗೊತ್ತಾಗುತ್ತದೆ, ಅವರಿಗೂ ಗೊತ್ತಾಗುತ್ತದೆ.

ಮಗ್ರಿಬ್‌ಗೆ ಇನ್ನು ಹೆಚ್ಚು ಹೊತ್ತಿಲ್ಲ. ಪ್ರಶ್ನೆಗಳಿದ್ದರೆ ಚೀಟಿಯಲ್ಲಿ ಬರೆದು ಕಳುಹಿಸಿ. ಸಹೋದರಿಯರ ಕಡೆಯ ಚೀಟಿಗಳನ್ನು ಮೊದಲು ಓದುತ್ತೇನೆ.